ರಾತ್ರಿ 10ಕ್ಕೆ ಬಿಟ್ಟು ಬೆಳಿಗ್ಗೆ 6ಕ್ಕೆ ಬಾ ಎನ್ನಬಹುದೇ?

ಪ್ರಶ್ನೆ: ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ 10ಕ್ಕೆ ಕಾರ್ಖಾನೆಯಿಂದ ಹೊರಬಿದ್ದವರಿಗೆ ಮರುದಿನ ಬೆಳಿಗ್ಗೆ 6ರ ಫಸ್ಟ್ ಶಿಫ್ಟ್ ಹಾಕುತ್ತಾರೆ. ಎರಡು ಶಿಫ್ಟ್ ನಡುವೆ ಇಷ್ಟು ಗಂಟೆ ಬಿಡುವು ಕೊಡಲೇಬೇಕು ಅಂತ ಕಾನೂನು ಇದೆಯಾ?

ಉತ್ತರ: ಕಾರ್ಖಾನೆಯ ಗಂಡಾಳುಗಳ ಮಟ್ಟಿಗೆ ಅಂಥ ಗಂಟೆಯ ಲೆಕ್ಕ ಕಾನೂನಿನಲ್ಲಿ ಇಲ್ಲ. ಬೇಸರದ ಉತ್ತರವೇ, ಆದರೂ ಇಷ್ಟಕ್ಕೇ ಸುಮ್ಮನಾಗಬೇಕಿಲ್ಲ.

1948ರ ಕಾರ್ಖಾನೆ ಕಾಯ್ದೆ ಲೆಕ್ಕವಿಟ್ಟದ್ದು ದುಡಿಮೆಯ ಗಂಟೆಗಳನ್ನು. ದಿನಕ್ಕೆ 9, ವಾರಕ್ಕೆ 48, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ. ಮನೆಗೆ ಹೋಗಿ ಮಲಗಿ ಎದ್ದು ಬರಲು ಎಷ್ಟು ಹೊತ್ತು ಬೇಕು ಎಂಬುದನ್ನು ಅದು ಕೇಳಲಿಲ್ಲ. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ದಿನಕ್ಕೆ 8 ಗಂಟೆ ಎಂದು ಹೇಳಿ, ವಿರಾಮದ ವಿವರಗಳನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಹಾಗಾಗಿ ನಿನ್ನೆ 2ರಿಂದ 10, ಇಂದು 6ರಿಂದ 2 ಎಂದರೆ ಕಾಗದದ ಮೇಲೆ ದಿನಕ್ಕೆ 8 ಗಂಟೆಯೇ. ಆದರೆ 10ಕ್ಕೆ ಬಿಟ್ಟವರು ಬಸ್ಸು ಹಿಡಿದು ಮನೆ ಮುಟ್ಟಿ ಉಂಡು ಮಲಗುವಷ್ಟರಲ್ಲಿ ಹನ್ನೆರಡು. 6ಕ್ಕೆ ಪಂಚ್ ಮಾಡಬೇಕಾದರೆ ನಾಲ್ಕೂವರೆಗೆ ಏಳಬೇಕು. ನಾಲ್ಕೂವರೆ ಗಂಟೆ ನಿದ್ದೆಯ ಮೇಲೆ ಪ್ರೆಸ್ ಮೆಷಿನ್ನಿಗೆ ಕೈ ಕೊಡುವುದು ಬೆರಳುಗಳನ್ನೇ ಪಣಕ್ಕಿಟ್ಟಂತೆ.

ಹಳೇ ಕಾಯ್ದೆಯಲ್ಲೂ ಹೊಸ ಸಂಹಿತೆಯಲ್ಲೂ ಇದ್ದು, ಕಾರ್ಮಿಕರಲ್ಲಿ ಹೆಚ್ಚಿನವರಿಗೆ ಯಾರೂ ಹೇಳದ ಒಂದು ನಿಯಮವಿದೆ. ಶಿಫ್ಟ್ ಮಧ್ಯರಾತ್ರಿ ದಾಟಿದರೆ, 12ರ ನಂತರ ದುಡಿದ ಗಂಟೆಗಳೂ ಹಿಂದಿನ ದಿನದ ಲೆಕ್ಕಕ್ಕೇ ಸೇರುತ್ತವೆ. ಆ ಕೆಲಸಗಾರರ ಮರುದಿನ ಶುರುವಾಗುವುದು ಶಿಫ್ಟ್ ಮುಗಿದ ಮೇಲೆ. ರಿಲೀವರ್ ಬರಲಿಲ್ಲ, ನೈಟ್ ಕೂಡ ನೀನೇ ನೋಡ್ಕೋ ಅಂದರೆ ಮಧ್ಯಾಹ್ನ 2ರಿಂದ ಬೆಳಗಿನ 6ರವರೆಗೆ ಒಂದೇ ದಿನದಲ್ಲಿ 16 ಗಂಟೆಯಾಯಿತು. ತಾರೀಖು ಬದಲಾಯಿತಲ್ಲ ಎಂಬ ವಾದ ನಿಲ್ಲುವುದಿಲ್ಲ. ಓಟಿಗೆ, ಅಂದರೆ ಹೆಚ್ಚುವರಿ ಗಂಟೆಯ ದುಡಿಮೆಗೆ, ದುಪ್ಪಟ್ಟು ಕೂಲಿ ಕೊಟ್ಟ ಮಾತ್ರಕ್ಕೆ ಅದು ಸರಿಯಾಗುವುದೂ ಇಲ್ಲ. ಮೇಲಾಗಿ ಹೊಸ ಸಂಹಿತೆಯಲ್ಲಿ ಓಟಿ ಮಾಡಿಸಲು ಕಾರ್ಮಿಕರ ಒಪ್ಪಿಗೆ ಬೇಕೇ ಬೇಕು.

ವಾರದ ರಜೆಗೂ ಇದೇ ಲೆಕ್ಕ. ಶನಿವಾರ ರಾತ್ರಿ 10ಕ್ಕೆ ಹೊಕ್ಕು ಭಾನುವಾರ ಬೆಳಿಗ್ಗೆ 6ಕ್ಕೆ ಹೊರಬಂದವರ ರಜೆ ಎಂದರೆ ಅಲ್ಲಿಂದ ಸತತ 24 ಗಂಟೆ, ಅಂದರೆ ಸೋಮವಾರ ಬೆಳಿಗ್ಗೆ 6ರವರೆಗೆ. ಭಾನುವಾರ ಆಫ್ ಕೊಟ್ಟೆವಲ್ಲ ಎಂದು ಅದೇ ರಾತ್ರಿ 10ಕ್ಕೆ ಕರೆದರೆ ಅದು ರಜೆ ಕೊಟ್ಟ ಹಾಗಲ್ಲ. ಈ ತಪ್ಪು ಎಷ್ಟು ರೂಢಿಯಾಗಿದೆಯೆಂದರೆ ಅನುಭವಿಸುವವರೇ ಅದನ್ನು ಪ್ರಶ್ನಿಸುವುದಿಲ್ಲ.

ಗಂಟೆಗಳನ್ನು ಬರೆದೇ ಇಟ್ಟ ಕಡೆಗಳೂ ಇವೆ. ಕಾರ್ಖಾನೆಯ ಮಹಿಳೆಯರು ರಾತ್ರಿ ದುಡಿಯುವ ಬಗ್ಗೆ 2000ದಲ್ಲಿ ಮದ್ರಾಸ್ ಹೈಕೋರ್ಟ್ ಕೊಟ್ಟ ತೀರ್ಪು, ಹಗಲು ಪಾಳಿಯಿಂದ ರಾತ್ರಿ ಪಾಳಿಗೆ ಅಥವಾ ರಾತ್ರಿಯಿಂದ ಹಗಲಿಗೆ ಬದಲಿಸುವಾಗ ನಡುವೆ ಸತತ 12 ಗಂಟೆ ಬಿಡಬೇಕು ಎಂದಿತು. ಕರ್ನಾಟಕ 2019ರಲ್ಲಿ ಮಹಿಳೆಯರಿಗೆ ನೈಟ್ ಶಿಫ್ಟ್ ತೆರೆದಾಗಲೂ ಈ ಷರತ್ತು ಹಾಕಿತು. ಬಸ್ಸು, ಲಾರಿ ಸಿಬ್ಬಂದಿಗಾಗಿ ಬಂದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಂತೂ ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ ಕನಿಷ್ಠ 9 ಗಂಟೆ ಎಂದಿತ್ತು. ಆ ಕಾಯ್ದೆಯ ಜಾಗಕ್ಕೂ ಈಗ ಹೊಸ ಸಂಹಿತೆಯೇ ಬಂದಿದೆ. ಯುರೋಪಿಯನ್ ಒಕ್ಕೂಟದ ನಿರ್ದೇಶನ 24 ಗಂಟೆಯಲ್ಲಿ ಸತತ 11 ಗಂಟೆ ವಿಶ್ರಾಂತಿ ಕಡ್ಡಾಯ ಮಾಡಿದೆ. ಬ್ರಿಟನ್ನಿನಲ್ಲೂ 1998ರಿಂದ ಅಷ್ಟೇ. ನಮ್ಮಲ್ಲೂ ಆ ನಿಯಮವಿದ್ದಿದ್ದರೆ ರಾತ್ರಿ 10ಕ್ಕೆ ಬಿಟ್ಟವರನ್ನು ಬೆಳಿಗ್ಗೆ 9ಕ್ಕೆ ಮುಂಚೆ ಕರೆಯುವಂತಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 1990ರಲ್ಲೇ ರಾತ್ರಿ ಪಾಳಿ ಇರುವ ಕಡೆ ಇದೇ 11 ಗಂಟೆಯ ಶಿಫಾರಸು ಮಾಡಿದೆ. ಚಾಲಕರಿಗೆ ದಣಿವಾಗುತ್ತದೆ ಎಂದು 1961ರಲ್ಲೇ ಒಪ್ಪಿಕೊಂಡ ನಾವು ಯಂತ್ರದ ಮುಂದೆ ನಿಂತವರ ವಿಷಯದಲ್ಲಿ ಇನ್ನೂ ಒಪ್ಪದಿರುವುದು ಅನ್ಯಾಯ ಎಂದೇ ನನ್ನ ನಂಬಿಕೆ.

ಸದ್ಯಕ್ಕೆ ಏನು ಮಾಡಬಹುದು? ಮೊದಲು ಕಾರ್ಖಾನೆಯಲ್ಲಿ ತೂಗುಹಾಕಿರುವ ಕೆಲಸದ ಅವಧಿಯ ನೋಟಿಸನ್ನೂ ಸ್ಥಾಯಿ ಆದೇಶಗಳನ್ನೂ (ಕೆಲಸದ ಷರತ್ತುಗಳನ್ನು ಬರೆದಿಟ್ಟ ಕಾರ್ಖಾನೆಯ ನಿಯಮಗಳು, ಸ್ಟ್ಯಾಂಡಿಂಗ್ ಆರ್ಡರ್ಸ್) ಓದಿ. ಶಿಫ್ಟ್ ಬದಲಾವಣೆ ಅದರಂತಿರಬೇಕು. ಕೆಲಸದ ವೇಳೆ, ವಿರಾಮದ ವೇಳೆ ಬದಲಿಸಲು ಸಾಮಾನ್ಯವಾಗಿ 21 ದಿನ ಮುಂಚಿತ ನೋಟಿಸ್ ಕೊಡಬೇಕು. ಮಾತುಕತೆಯಲ್ಲಿ ಕೇಳಲು ಸುಲಭವಾದದ್ದು ಎಂದರೆ ಶಿಫ್ಟ್ ಬದಲಾಗುವುದು ವಾರದ ರಜೆಯ ಮರುದಿನವೇ ಆಗಲಿ, ಫಸ್ಟ್‌ನಿಂದ ಸೆಕೆಂಡ್, ಸೆಕೆಂಡ್‌ನಿಂದ ನೈಟ್ ಹೀಗೆ ಮುಂದಕ್ಕೆ ಸರಿಯಲಿ ಎಂಬುದು. ಮಾಲೀಕರಿಗೆ ಇದರಿಂದ ಕಾಸಿನ ಖರ್ಚಿಲ್ಲ. ಡಬಲ್ ಶಿಫ್ಟ್, ಕೈತಪ್ಪಿದ ರಜೆಗಳನ್ನು ತಾರೀಖು, ವೇಳೆ ಸಮೇತ ಬರೆದಿಟ್ಟುಕೊಂಡು, ಯೂನಿಯನ್ ಮೂಲಕವೋ ನೇರವಾಗಿಯೋ ಕಾರ್ಖಾನೆ, ಬಾಯ್ಲರ್‌ಗಳ ಇಲಾಖೆಯ ಜಿಲ್ಲಾ ಅಧಿಕಾರಿಗೆ ದೂರು ಕೊಡಿ.