ಪಾಠ ಹೇಳುವ ಫೋನು ಪ್ರಶ್ನೆ ಕೇಳುತ್ತಾ?

ಕನ್ನಂಬಾಡಿ ಕಟ್ಟೆ ತುಂಬಿದೆ. ನೀರಿನ ಮಟ್ಟ 124.80 ಅಡಿ. ಈಗ ಮಟ್ಟ ಅಷ್ಟೇ ಇದ್ದು, ಹಿನ್ನೀರು ಮಾತ್ರ ಇನ್ನೂ ಹತ್ತು ಮೈಲಿ ಹಿಂದಕ್ಕೆ ಹರಡಿತು ಅಂದುಕೊಳ್ಳಿ. ಕಟ್ಟೆಯ ಗೋಡೆಯನ್ನು ನೀರು ತಳ್ಳುವ ಬಲ ಜಾಸ್ತಿ ಆಗುತ್ತದೆಯೇ, ಕಡಿಮೆ ಆಗುತ್ತದೆಯೇ, ಅಷ್ಟೇ ಇರುತ್ತದೆಯೇ?

ಮುಂದಕ್ಕೆ ಓದುವ ಮೊದಲು ಒಂದು ಉತ್ತರ ಹಿಡಿದುಕೊಳ್ಳಿ. ತಪ್ಪಾದರೂ ಪರವಾಗಿಲ್ಲ.

ನಾನು ಮಂಡ್ಯ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇಲ್ಲಿನ ಮಕ್ಕಳಿಗೆ 124.80 ಅನ್ನುವುದು ಹುಟ್ಟಿದ ತಾರೀಖಿನಷ್ಟೇ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದರೆ ಮನೆಯಲ್ಲಿ 'ಕಟ್ಟೆ ಎಷ್ಟಾಯ್ತು?' ಅನ್ನುವುದೇ ಮೊದಲ ಮಾತು. ಆದರೂ ಈ ಪ್ರಶ್ನೆ ಕೇಳಿದಾಗ ಬಹಳಷ್ಟು ಮಕ್ಕಳು 'ಜಾಸ್ತಿ ಆಗುತ್ತೆ ಸಾರ್' ಅನ್ನುತ್ತಾರೆ. ನೀರು ಜಾಸ್ತಿ ಆದರೆ ತಳ್ಳುವುದೂ ಜಾಸ್ತಿ ಆಗಬೇಕಲ್ವಾ?

ಆಗುವುದಿಲ್ಲ. ನೀರಿನ ಒತ್ತಡ ಆಳವನ್ನು ನೋಡುತ್ತದೆ, ಹರವನ್ನಲ್ಲ. ಒಂದು ಜಾಗದ ನೆತ್ತಿಯ ಮೇಲೆ ಎಷ್ಟು ಎತ್ತರದ ನೀರು ನಿಂತಿದೆಯೋ ಅಷ್ಟೇ ಅಲ್ಲಿನ ಒತ್ತಡ. ಅದೇ ಒತ್ತಡ ಪಕ್ಕಕ್ಕೂ ತಳ್ಳುತ್ತದೆ. 124.80 ಅಡಿ ಅಂದರೆ ಸುಮಾರು 38 ಮೀಟರ್. ಅಷ್ಟು ಆಳದಲ್ಲಿ ಗೋಡೆಯ ಒಂದೊಂದು ಚದರ ಮೀಟರ್ ಮೇಲೂ ಸುಮಾರು 38 ಟನ್ ತೂಕದಷ್ಟು ಬಲ ಬೀಳುತ್ತದೆ. ಒಂದು ಮಂಚ ಕೂಡ ಹಿಡಿಯದಷ್ಟು ಜಾಗದ ಮೇಲೆ!

ಈ ಪಾಠವನ್ನು ನಾನು 2020ರಲ್ಲಿ ಮೊಬೈಲಿನಲ್ಲಿ ಮಾಡಿದ್ದೆ. ಶಾಲೆ ಮುಚ್ಚಿತ್ತು. ದೂರದರ್ಶನದ ಚಂದನದಲ್ಲಿ ಪಾಠ ಬರುತ್ತಿತ್ತು, ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ದೇವಸ್ಥಾನದ ಜಗಲಿಯಲ್ಲಿ, ಮರದಡಿಯಲ್ಲಿ ಮಕ್ಕಳನ್ನು ಕೂರಿಸಿದ್ದೂ ಉಂಟು. ಅದರ ಜೊತೆಗೆ ನಾನು ನಲವತ್ತು ನಿಮಿಷದ ವಿಡಿಯೊ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆ. ತುಂಬ ಕಷ್ಟಪಟ್ಟು ಮಾಡಿದ್ದೆ. ಮನೆಗೆ ಇರುವುದು ಒಂದೇ ಫೋನು. ಅಪ್ಪ ಕಬ್ಬು ಕಡಿಯಲು ಹೋದರೆ ಫೋನೂ ಅವರ ಜೇಬಿನಲ್ಲಿ ಹೋಗುತ್ತಿತ್ತು. ಆದರೂ ಮಕ್ಕಳು ರಾತ್ರಿ ಹೊತ್ತು ನೋಡಿ 'ಅರ್ಥ ಆಯ್ತು ಸಾರ್' ಎಂದು ಬರೆಯುತ್ತಿದ್ದರು. ಶಾಲೆ ತೆರೆದ ಮೇಲೆ ಕಟ್ಟೆಯ ಪ್ರಶ್ನೆ ಕೇಳಿದೆ. 'ಜಾಸ್ತಿ ಆಗುತ್ತೆ' ಎಂದರು. ಅವರು ಸುಳ್ಳು ಹೇಳಿರಲಿಲ್ಲ. ನೋಡುವಾಗ ಅವರಿಗೆ ನಿಜವಾಗಿಯೂ ಅರ್ಥವಾದಂತೆ ಅನ್ನಿಸಿತ್ತು.

ಈ 'ಅನ್ನಿಸುವುದು' ಹೇಗೆ ಮೋಸ ಮಾಡುತ್ತದೆ ಎಂದು ತೋರಿಸಿದ ಒಂದು ಪ್ರಯೋಗ ಇದೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಅದನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಪುಟ್ಟ ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಂದೇ ಸಲ ಓದಿ, ಎತ್ತಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಎರಡು ಸಲ ಓದಿದ್ದೇ ಮುಂದಿತ್ತು, ಶೇ. 81ಕ್ಕೆ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗುಮುರುಗಾಯಿತು. ಎರಡು ಸಲ ಓದಿದವರಿಗೆ ನೆನಪಿದ್ದದ್ದು ಶೇ. 42. ಒಂದು ಸಲ ಓದಿ ನೆನಪಿನಿಂದ ಎಳೆದು ಬರೆದವರಿಗೆ ಶೇ. 56.

ಇದನ್ನು ಮೊದಲು ಓದಿದಾಗ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಪರೀಕ್ಷೆ ಅಂದರೆ ಕಲಿತದ್ದನ್ನು ಅಳೆಯುವ ಸೇರು ಎಂದುಕೊಂಡಿದ್ದೆ. ಅದು ಕಲಿಸುವ ಕೆಲಸವನ್ನೂ ಮಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ನೆನಪು ಬಾವಿಯ ನೀರಿದ್ದ ಹಾಗೆ, ಸೇದಿದಷ್ಟೂ ಊರುತ್ತದೆ. ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಮಗು ಕೊಡಪಾನ ಇಳಿಸದೆ ಬಾವಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದರೆ ಏನು ಪ್ರಯೋಜನ?

ಇನ್ನು ನಲವತ್ತು ನಿಮಿಷದ ವಿಷಯ. ಏನನ್ನಾದರೂ ಯೋಚಿಸುವಾಗ ನಮ್ಮ ತಲೆ ಒಂದೇ ಸಮಯಕ್ಕೆ ನಾಲ್ಕೈದು ಹೊಸ ಸಂಗತಿಗಳನ್ನು ಹಿಡಿದಿಟ್ಟುಕೊಂಡರೆ ಹೆಚ್ಚು. 2014ರಲ್ಲಿ ಎಡೆಕ್ಸ್ ಎಂಬ ಆನ್‌ಲೈನ್ ತಾಣದ ಪಾಠಗಳನ್ನು ಜನ ನೋಡಿದ 69 ಲಕ್ಷ ಸಂದರ್ಭಗಳ ದಾಖಲೆಯನ್ನು ಸಂಶೋಧಕರು ಜಾಲಾಡಿದರು. ವಿಡಿಯೊ ಎಷ್ಟೇ ಉದ್ದವಿರಲಿ, ನೋಡುಗರು ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಪರದೆಯ ಮೇಲೆ ಬರೆದಿರುವುದನ್ನೇ ಗಟ್ಟಿಯಾಗಿ ಓದಿದರೂ ಕಲಿಕೆಗೆ ತೊಡಕು. ಕಣ್ಣು ಒಂದು ವೇಗದಲ್ಲಿ, ಕಿವಿ ಇನ್ನೊಂದು ವೇಗದಲ್ಲಿ ಅದೇ ಮಾತಿನ ಹಿಂದೆ ಓಡುತ್ತವೆ. ನಾನು ಇದೆರಡನ್ನೂ ಮಾಡಿದ್ದೆ.

ಮೈಸೂರಿಗೆ ದೂರದಿಂದ ಕಲಿಸುವುದು ಹೊಸದೇನಲ್ಲ. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು 'ಆಕಾಶವಾಣಿ' ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರು. ಮನಸ್ಸನ್ನು ಓದಿದ ಮೇಷ್ಟ್ರೊಬ್ಬರು ರೇಡಿಯೊ ಕಟ್ಟಿದರು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ ಬಂತು. ಅದರ ಮುಂದುವರಿಕೆಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಹೊಲದ ಕೆಲಸ, ಮನೆಯ ಕೆಲಸ ಬಿಡಲಾಗದ ಎಷ್ಟೋ ಜನ ಹೀಗೇ ಪದವಿ ಪಡೆದರು. ಆದರೆ ರೇಡಿಯೊ ತಿರುಗಿ ಕೇಳುತ್ತಿರಲಿಲ್ಲ. ಅಂಚೆ ತಿರುಗಿ ಕೇಳುತ್ತಿತ್ತು, ಆದರೆ ತಿದ್ದಿದ ಉತ್ತರ ಕೈಗೆ ಬರುವಷ್ಟರಲ್ಲಿ ಬರೆದವರಿಗೆ ತಾನು ಯಾಕೆ ಹಾಗೆ ಬರೆದೆ ಅನ್ನುವುದೇ ಮರೆತಿರುತ್ತಿತ್ತು.

ನಮ್ಮ ಭಾಷೆಯಲ್ಲಿ ಪಾಠವನ್ನೂ 'ಕೇಳು'ತ್ತೇವೆ, ಪ್ರಶ್ನೆಯನ್ನೂ 'ಕೇಳು'ತ್ತೇವೆ. ಮೊದಲನೆಯ ಕೇಳುವಿಕೆಗೆ ರೇಡಿಯೊ, ಟಿವಿ, ವಿಡಿಯೊ ಎಲ್ಲವೂ ಆಗುತ್ತವೆ. ಎರಡನೆಯದನ್ನು ದೂರದಿಂದ, ತಡವಿಲ್ಲದೆ ಮಾಡುವುದು ಈಗಿನ ತಂತ್ರಜ್ಞಾನಕ್ಕೆ ಮಾತ್ರ ಕೈಗೂಡಿದೆ. ಅದನ್ನೇ ನಾವು ಕಡಿಮೆ ಬಳಸುತ್ತಿದ್ದೇವೆ.

ರಿಚರ್ಡ್ ಕ್ಲಾರ್ಕ್ ಎಂಬ ಶಿಕ್ಷಣತಜ್ಞ 1983ರಲ್ಲೇ ಹೇಳಿದ್ದರು, ಕಲಿಕೆಗೆ ಮಾಧ್ಯಮ ಅನ್ನುವುದು ದಿನಸಿ ತರುವ ಲಾರಿ ಇದ್ದ ಹಾಗೆ, ಮೈಗೆ ಹತ್ತುವುದು ದಿನಸಿಯೇ ಹೊರತು ಲಾರಿಯಲ್ಲ ಎಂದು. ಸ್ಮಾರ್ಟ್ ಬೋರ್ಡ್ ಬಂದರೆ ಮಕ್ಕಳು ಹುಷಾರಾಗುತ್ತಾರೆ ಎಂದು ಯಾರಾದರೂ ಹೇಳಿದಾಗ ನನಗೆ ಇದೇ ನೆನಪಾಗುತ್ತದೆ. ಆದರೆ ಕ್ಲಾರ್ಕ್ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೆಲವು ದಿನಸಿ ಕೆಲವು ಲಾರಿಯಲ್ಲಿ ಮಾತ್ರ ಕೆಡದೆ ಬರುತ್ತದೆ.

ಹಾಗೆ ಬಂದದ್ದು ಒಂದು ಕಾಗದದ ಕಾರ್ಡು. ಪ್ಲಿಕರ್ಸ್ ಎಂದು ಅದರ ಹೆಸರು. ಪ್ರತಿ ಮಗುವಿಗೂ ತನ್ನದೇ ನಂಬರಿನ ಒಂದು ಕಾರ್ಡು, ಅದರ ಮೇಲೆ ಕಪ್ಪು ಚೌಕಗಳ ಚಿತ್ರ. ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಬರೆದಿರುತ್ತದೆ. ತನ್ನ ಉತ್ತರ ಮೇಲೆ ಬರುವಂತೆ ಮಗು ಕಾರ್ಡು ತಿರುಗಿಸಿ ಎತ್ತಿ ಹಿಡಿಯುತ್ತದೆ. ನಾನು ನನ್ನ ಫೋನಿನ ಕ್ಯಾಮೆರಾ ತರಗತಿಯ ಮೇಲೆ ಆಡಿಸುತ್ತೇನೆ. ಯಾರು ಏನು ಹೇಳಿದರು ಎಂದು ಚಿಟಿಕೆಯಲ್ಲಿ ಗೊತ್ತಾಗುತ್ತದೆ. ಮಕ್ಕಳಿಗೆ ಫೋನೂ ಬೇಡ, ರೀಚಾರ್ಜೂ ಬೇಡ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಕೈ ಎತ್ತಿಸಿದರೆ ಹಿಂದಿನ ಬೆಂಚಿನವರು ಮುಂದಿನವರನ್ನು ನೋಡಿ ಎತ್ತುತ್ತಾರೆ. ಕಾರ್ಡಿನಲ್ಲಿ ಪಕ್ಕದವರ ಉತ್ತರ ಕಾಣುವುದಿಲ್ಲ. ಹೆದರುವ ಮಗುವೂ ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತದೆ. ಆ ತಪ್ಪು ನನಗೆ ಬೇಕು!

ಅರ್ಧದಷ್ಟು ಜನ ತಪ್ಪಿದ್ದರೆ ನಾನು ಉತ್ತರ ಹೇಳುವುದಿಲ್ಲ. 'ಪಕ್ಕದವರ ಹತ್ತಿರ ಮಾತಾಡಿ, ಒಪ್ಪಿಸಿ' ಅನ್ನುತ್ತೇನೆ. ಆಮೇಲೆ ಮತ್ತೆ ಕಾರ್ಡು. ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ಹೀಗೆ ಪಾಠ ಮಾಡಿ ಬೆಳೆಸಿದ ದಾರಿ ಇದು. ಈಗಷ್ಟೇ ಅರ್ಥವಾದ ಮಗುವಿಗೆ ತಾನು ಎಲ್ಲಿ ಎಡವಿದೆ ಅನ್ನುವುದು ಇನ್ನೂ ನೆನಪಿರುತ್ತದೆ, ಮೇಷ್ಟ್ರಿಗೆ ಅದು ಎಂದೋ ಮರೆತುಹೋಗಿದೆ. ಕಟ್ಟೆಯ ಪ್ರಶ್ನೆಗೆ ಒಬ್ಬಳು ಗೆಳತಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. 'ಹಿನ್ನೀರು ಎಲ್ಲಿವರ್ಗೂ ಐತೆ ಅಂತ ಗೋಡೆಗೆ ಹೆಂಗೆ ಗೊತ್ತಾಯ್ತದೆ? ಅದ್ಕೆ ಗೊತ್ತಾಗೋದು ತನ್ನ ಪಕ್ಕದಲ್ಲಿರೋ ನೀರು ಎಷ್ಟು ಆಳ ಅಂತ ಅಷ್ಟೇ ಕಣೆ.' ಇಷ್ಟು ವರ್ಷದಲ್ಲಿ ನನಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಆಮೇಲೆಯೇ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗ, ತೋರಿಸುವುದು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯವರು ಉಚಿತವಾಗಿ ಕೊಡುವ ಒಂದರಲ್ಲಿ ಬೇರೆ ಬೇರೆ ಆಕಾರದ ತೊಟ್ಟಿಗಳಿವೆ. ಒತ್ತಡದ ಮೀಟರನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು. ಮೊದಲೇ ತೋರಿಸಿದರೆ ಅದು ಬರೀ ನೋಟ. ಮಜೂರ್ ಮತ್ತು ಜೊತೆಗಾರರು 2004ರಲ್ಲಿ ಇದನ್ನೂ ಅಳೆದಿದ್ದಾರೆ. ತರಗತಿಯಲ್ಲಿ ಪ್ರಯೋಗವನ್ನು ಸುಮ್ನೆ ನೋಡಿದವರಿಗೂ ನೋಡದೇ ಇದ್ದವರಿಗೂ ತಿಳಿವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಏನಾಗಬಹುದು ಎಂದು ಮೊದಲು ಊಹಿಸಿ ನೋಡಿದವರು ಮುಂದಿದ್ದರು. ಶುರುವಿನಲ್ಲಿ ನಿಮಗೂ ಒಂದು ಉತ್ತರ ಹಿಡಿದುಕೊಳ್ಳಿ ಎಂದದ್ದು ಇದಕ್ಕೇ.

ಈಗ ಉದ್ದದ ವಿಡಿಯೊ ಬಿಟ್ಟಿದ್ದೇನೆ. ಐದು ನಿಮಿಷದ್ದು ಸಾಕು. ರಾತ್ರಿ ಎಂಟಕ್ಕೆ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್, ಅದರಲ್ಲಿ ಮೂರು ಪ್ರಶ್ನೆ. ಒಂದು ಇವತ್ತಿನ ಪಾಠದ್ದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಹಳೆಯದು ಇನ್ನೇನು ಮರೆಯಬೇಕು ಅನ್ನುವಾಗ ಕೇಳಿದರೆ ಅದು ಹೆಚ್ಚು ಕಾಲ ಉಳಿಯುತ್ತದೆ. ಮಕ್ಕಳು ಪುಸ್ತಕ ಮುಚ್ಚಿ, ತಮ್ಮದೇ ಮಾತಿನಲ್ಲಿ ಉತ್ತರ ಕಳಿಸುತ್ತಾರೆ. ಮಲಗುವ ಮೊದಲು ಒಂದಿಷ್ಟನ್ನಾದರೂ ಕೇಳಿ ಮರುಮಾತು ಹೇಳುತ್ತೇನೆ. ಫೋನಿಲ್ಲದವರಿಗೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅದೇ ಮೂರು ಪ್ರಶ್ನೆ.

ಒಂದು ರಾತ್ರಿ ಕಟ್ಟೆಯ ಪ್ರಶ್ನೆಯನ್ನು ಮತ್ತೆ ಕಳಿಸಿದ್ದೆ. ಒಬ್ಬ ಹುಡುಗನ ಉತ್ತರ ಬಂತು, ಸರಿಯಾಗಿತ್ತು. ಹಿಂದೆ ಆಲೆಮನೆಯ ಗಾಣದ ಸದ್ದು. ಅವನ ಮಾತು ಮುಗಿಯುವಷ್ಟರಲ್ಲಿ ಪಕ್ಕದಿಂದ ಅವರಪ್ಪನ ದನಿ ಕೇಳಿಸಿತು. 'ಹಂಗಾದ್ರೆ ಕಟ್ಟೆ ಬುಡಾನ ಅಷ್ಟು ದಪ್ಪ ಕಟ್ಟಿರೋದು ಅದ್ಕೇ ಏನ್ಲಾ?' ಮೆಸೇಜ್ ಅಲ್ಲಿಗೆ ನಿಂತಿತ್ತು. ಮಾರನೆಯ ದಿನದ ಪಾಠವನ್ನು ನಾನು ಆ ಪ್ರಶ್ನೆಯಿಂದಲೇ ಶುರು ಮಾಡಿದೆ.