ಬಿಟ್ಟಿದ್ದೆಲ್ಲ ತಟ್ಟೆಗೆ ವಾಪಸ್: ಹೊಟ್ಟೆಯ ತೊಂದರೆಗೆ ಡಯಟಿಷಿಯನ್ ನೆರವು

ಹೊಟ್ಟೆಯ ತೊಂದರೆ ಶುರುವಾದರೆ ನಮ್ಮ ಮಲೆನಾಡಿನವರು ಮೊದಲು ಮಾಡುವ ಕೆಲಸ, ಏನಾದರೊಂದನ್ನು ತಿನ್ನುವುದು ಬಿಡುವುದು. ಹಲಸು ವಾಯು ಅಂತ ಹಲಸು ಬಿಡುತ್ತಾರೆ. ಗೆಣಸು, ಕಡಲೆ, ಅವರೆ ಬಿಡುತ್ತಾರೆ. ಆಮೇಲೆ ಹಾಲು. ಆಮೇಲೆ ಯಾರೋ ಹೇಳಿದರು ಅಂತ ಗೋಧಿ. ಕೊನೆಗೆ ತಟ್ಟೆಯಲ್ಲಿ ಅನ್ನ, ತಿಳಿಸಾರು, ಮಜ್ಜಿಗೆ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಹೊಟ್ಟೆ ಉಬ್ಬರ ಮಾತ್ರ ಹಾಗೇ ಇರುತ್ತದೆ. ತೀರ್ಥಹಳ್ಳಿಯಿಂದ ಸೊರಬದ ತನಕ ಇಂಥವರು ಎಲ್ಲ ಊರಲ್ಲೂ ಸಿಗುತ್ತಾರೆ. ಡಯಟಿಷಿಯನ್ ಹತ್ತಿರ ಹೋದರೆ ಇದ್ದಬದ್ದದ್ದನ್ನೂ ಬಿಡಿಸಿಬಿಡುತ್ತಾರೆ ಅನ್ನೋ ಹೆದರಿಕೆ ಇವರಿಗೆ. ಆದರೆ ಒಳ್ಳೆಯ ಡಯಟಿಷಿಯನ್ ಮಾಡುವ ದೊಡ್ಡ ಉಪಕಾರವೇ ಬಿಟ್ಟಿದ್ದನ್ನು ಒಂದೊಂದಾಗಿ ವಾಪಸ್ ತರುವುದು.

ಮೊದಲ ಭೇಟಿಯಲ್ಲಿ ಪ್ರಶ್ನೆಗಳೇ ಜಾಸ್ತಿ. ಏನು ತಿಂದಿರಿ, ಎಷ್ಟು, ಯಾವಾಗ? ತಿಂದು ಎಷ್ಟು ಹೊತ್ತಿಗೆ ಉಬ್ಬರ ಬಂತು? ನಿದ್ದೆ ಹೇಗೆ? ಯಾವ ಮಾತ್ರೆ ನುಂಗುತ್ತೀರಿ? ಮಲ ಹೇಗಿರುತ್ತದೆ ಅಂತಲೂ ಕೇಳುತ್ತಾರೆ, ನಾಚಿಕೊಳ್ಳಬೇಡಿ. ಅದಕ್ಕೆಂದೇ ಬ್ರಿಸ್ಟಲ್ ಚಾರ್ಟ್ ಅಂತ ಒಂದಿದೆ. ಹಿಕ್ಕೆಯಂಥ ಗಟ್ಟಿ ಉಂಡೆಯಿಂದ ನೀರಿನಂಥ ಭೇದಿಯವರೆಗೆ 7 ಬಗೆಯ ಚಿತ್ರಗಳು ಅದರಲ್ಲಿವೆ. ನಿಮ್ಮದು ಯಾವುದು ಅಂತ ಬೆರಳಿಟ್ಟು ತೋರಿಸಿದರೆ ಸಾಕು. ಆಮೇಲೆ ಒಂದೆರಡು ವಾರ ತಿಂದದ್ದನ್ನೆಲ್ಲ ಬರೆದಿಡಲು ಹೇಳುತ್ತಾರೆ.

ಈ ಬರೆದಿಡುವುದರಿಂದ ಏನು ಸಿಗುತ್ತದೆ? ಅಡಿಕೆ ಕೊಯ್ಲಿನ ಕಾಲವನ್ನೇ ತಗೊಳ್ಳಿ. ಸಾಗರ, ಹೊಸನಗರದ ಕಡೆ ರಾತ್ರಿ ತಡವಾಗುವ ತನಕ ಅಡಿಕೆ ಸುಲಿಯುತ್ತಾರೆ. ನಿದ್ದೆ ಬರಬಾರದು ಅಂತ ಮೇಲಿಂದ ಮೇಲೆ ಕಾಫಿ, ಬಾಯಲ್ಲಿ ಎಲೆ ಅಡಿಕೆ. ಊಟ ಹತ್ತೂವರೆಗೋ ಹನ್ನೊಂದಕ್ಕೋ, ಅದೂ ಹೊಟ್ಟೆ ತುಂಬ. ಕೈ ತೊಳೆದವರು ಸೀದಾ ಹಾಸಿಗೆಗೆ. ನಡುರಾತ್ರಿ ಎದೆಯುರಿ, ಹುಳಿತೇಗು. ಬೆಳಿಗ್ಗೆ ಎದ್ದು ಉಪ್ಪಿನಕಾಯಿ ಬಿಡುತ್ತಾರೆ. ಅನ್ನನಾಳದ ಕೆಳತುದಿಯಲ್ಲಿ ಬಿಗಿಯಾಗಿ ಮುಚ್ಚಿಕೊಂಡಿರುವ ಸ್ನಾಯುವಿದೆ. ಹೊಟ್ಟೆ ತುಂಬಿ ಹಿಗ್ಗಿದಾಗ ಅದು ಆಗಾಗ ಸಡಿಲವಾಗುತ್ತದೆ. ಆಗ ಮಲಗಿದ್ದರೆ ಆಮ್ಲ ಸಲೀಸಾಗಿ ಮೇಲೆ ಬರುತ್ತದೆ. ಊಟಕ್ಕೂ ನಿದ್ದೆಗೂ 2–3 ಗಂಟೆ ಅಂತರ, ರಾತ್ರಿಯ ತುತ್ತು ಸ್ವಲ್ಪ ಕಡಿಮೆ, ಮಂಚದ ತಲೆಕಡೆಯ ಕಾಲುಗಳ ಕೆಳಗೆ ಮರದ ತುಂಡು ಇಟ್ಟು ಎತ್ತರ ಮಾಡುವುದು: ಬಹಳ ಜನರಿಗೆ ಇಷ್ಟರಿಂದಲೇ ಎಷ್ಟೋ ಹಗುರವಾಗುತ್ತದೆ. ಉಪ್ಪಿನಕಾಯಿ ಒಂದು ಮಿಡಿ ಬೇಕಾದರೆ ಇರಲಿ. ಅಡಿಕೆ ಮಾತ್ರ ಬಾಯಿಗೆ ಬೇಡ. ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿಯಲ್ಲೇ ಇದೆ. ತೋಟವನ್ನೇ ನಂಬಿ ಬದುಕುವ ನಮಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು.

ಉಬ್ಬರದ ಕಥೆ ಬೇರೆ. ಕೆಲವು ಸಕ್ಕರೆಗಳು ಸಣ್ಣಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಅವು ನೀರನ್ನು ಎಳೆದುಕೊಂಡು ದೊಡ್ಡಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಇದು ಎಲ್ಲರ ಹೊಟ್ಟೆಯಲ್ಲೂ ಆಗುತ್ತದೆ. ಹೊಟ್ಟೆನೋವಿನ ಜೊತೆ ಭೇದಿಯೋ ಮಲಬದ್ಧತೆಯೋ ಪದೇ ಪದೇ ಕಾಡುವ ತೊಂದರೆಗೆ ಐಬಿಎಸ್ ಅನ್ನುತ್ತಾರೆ. ಅದು ಇರುವವರ ಕರುಳಿನ ನರಗಳು ಜಾಸ್ತಿ ಸೂಕ್ಷ್ಮ, ಹಾಗಾಗಿ ಅಷ್ಟೇ ಗ್ಯಾಸ್ ಅವರಿಗೆ ನೋವಾಗುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2005ರಲ್ಲಿ ಇಂಥ ಸಕ್ಕರೆಗಳಿಗೆಲ್ಲ ಸೇರಿಸಿ ಫಾಡ್‌ಮ್ಯಾಪ್ ಅಂತ ಹೆಸರಿಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು, ಹಾಲು, ಮಾವು, ಹೂಕೋಸು ಎಲ್ಲ ಆ ಪಟ್ಟಿಯಲ್ಲಿವೆ.

ಪಟ್ಟಿ ಮೊಬೈಲ್‌ನಲ್ಲೇ ಸಿಗುತ್ತೆ, ಮತ್ತೆ ಡಯಟಿಷಿಯನ್ ಯಾಕೆ ಅಂತ ಕೇಳಬಹುದು. ಪಟ್ಟಿ ನೋಡಿ ಬಿಡುವುದು 2ರಿಂದ 6 ವಾರದ ಕೆಲಸ ಅಷ್ಟೇ. ನಿಜವಾದ ಕೆಲಸ ಆಮೇಲಿನದು. ಆರಾಮಾದ ಮೇಲೆ ಒಂದೊಂದೇ ಗುಂಪನ್ನು ಮತ್ತೆ ತಿಂದು ನೋಡಬೇಕು. ಮೊದಲ ದಿನ ಚೂರು, ಮಾರನೇ ದಿನ ಇನ್ನಷ್ಟು, ಮೂರನೇ ದಿನ ಮಾಮೂಲಿನಷ್ಟು. ತೊಂದರೆಯಾದರೆ ಎಷ್ಟಕ್ಕೆ ಆಯಿತು ಅಂತ ಬರೆದುಕೊಳ್ಳಬೇಕು. ಬೆಳ್ಳುಳ್ಳಿ ಆಗಲಿಲ್ಲ, ತೊಗರಿಬೇಳೆ ಅರ್ಧ ಬಟ್ಟಲು ಆಗುತ್ತೆ, ಮಾವು ಎರಡು ಹೋಳು ಸರಿ, ಹೀಗೆ ಪ್ರತಿಯೊಬ್ಬರದೂ ಬೇರೆ ಬೇರೆ ಲೆಕ್ಕ. ಈ ಹಂತಕ್ಕೆ ಬರದೆ ಪಟ್ಟಿ ಹಿಡಿದುಕೊಂಡೇ ಕೂತರೆ ನಾರು, ಕ್ಯಾಲ್ಸಿಯಂ ಕಡಿಮೆಯಾಗುತ್ತವೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸೊರಗುತ್ತವೆ.

ಈ ಪಥ್ಯಕ್ಕೆ ನಮ್ಮ ಅಡುಗೆಮನೆ ಚೆನ್ನಾಗಿ ಹೊಂದುತ್ತದೆ ಅನ್ನೋದು ನನಗೆ ಬಹಳ ಖುಷಿಯ ವಿಷಯ. ಅಕ್ಕಿಯಲ್ಲಿ ಈ ಸಕ್ಕರೆಗಳ ಕಾಟ ಇಲ್ಲ. ಅಕ್ಕಿರೊಟ್ಟಿ, ಕಡುಬು, ನೀರುದೋಸೆ, ಗಂಜಿ ಯಾವುದನ್ನೂ ಬಿಡಬೇಕಾಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಹುಳಿ, ತಂಬುಳಿ ಎಷ್ಟೋ ಮನೆಗಳಲ್ಲಿ ದಿನದ ಅಡುಗೆ. ಬೆಳ್ಳುಳ್ಳಿಯ ಘಮ ಬೇಕೇ ಬೇಕು ಅಂದರೆ ಎಸಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಹಾಕಿ. ಅದರ ತೊಂದರೆ ಕೊಡುವ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಘಮ ಉಳಿಯುತ್ತದೆ, ಉಬ್ಬರ ಇಲ್ಲ. ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇಯಿಸಿದರೂ ಸಕ್ಕರೆ ಒಂದಿಷ್ಟು ಹೋಗುತ್ತದೆ.

ಹಾಲಿನ ವಿಷಯದಲ್ಲೂ ಪ್ರಮಾಣವೇ ಮುಖ್ಯ. 250 ಮಿಲಿ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇರುತ್ತದೆ. ಅದು ಅರಗದವರಲ್ಲೂ ಹೆಚ್ಚಿನವರು ಊಟದ ಜೊತೆ ಅಷ್ಟನ್ನು ತಡೆದುಕೊಳ್ಳುತ್ತಾರೆ. ಒಂದು ಲೋಟ ಕಾಫಿಗೆ ಹಾಕುವ ಹಾಲು ಅದರ ಮುಂದೆ ಏನೂ ಅಲ್ಲ, ಅಲ್ವಾ? ಮೊಸರಿನಲ್ಲಿ ಲ್ಯಾಕ್ಟೋಸ್ ಇನ್ನೂ ಕಡಿಮೆ.

ಮಲಬದ್ಧತೆಗೆ ನಾರು ಬೇಕು. ದಿನಕ್ಕೆ ಕನಿಷ್ಠ 25 ಗ್ರಾಂ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ದಿನಕ್ಕೆ ಏರಿಸಿದರೆ ಉಬ್ಬರ ಬರುತ್ತದೆ, ನಿಧಾನ ಏರಿಸಬೇಕು. ಐಬಿಎಸ್ ಇದ್ದವರಿಗೆ ಗೋಧಿ ತೌಡಿಗಿಂತ ಇಸಬ್‌ಗೋಲ್ ವಾಸಿ. ನೀರು ಮರೆಯಬೇಡಿ. ಮಳೆಗಾಲದಲ್ಲಿ ಬಾಯಾರಿಕೆಯೇ ಆಗುವುದಿಲ್ಲ ಅಂತ ಸುಮ್ನೆ ಇದ್ದುಬಿಡುತ್ತೇವೆ.

ಕೆಲವು ಲಕ್ಷಣಗಳಿಗೆ ಊಟ ಬದಲಿಸುತ್ತ ಕೂರಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನುಂಗಲು ಕಷ್ಟ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ ಇದ್ದರೆ ಮೊದಲು ಡಾಕ್ಟರ್. ಒಳ್ಳೆಯ ಡಯಟಿಷಿಯನ್ ತಾವೇ ಅಲ್ಲಿಗೆ ಕಳಿಸುತ್ತಾರೆ. ಗೋಧಿ ಆಗುತ್ತಿಲ್ಲ ಅನ್ನಿಸಿದರೂ ಪರೀಕ್ಷೆಗೆ ಮುಂಚೆ ಬಿಡಬೇಡಿ. ಸೀಲಿಯಾಕ್ ಅಂದರೆ ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಸಣ್ಣಕರುಳು ಹಾಳಾಗುವ ಕಾಯಿಲೆ. ಅದರ ರಕ್ತಪರೀಕ್ಷೆ ಸರಿಯಾಗಿ ಬರಬೇಕಾದರೆ ಗೋಧಿ ತಿನ್ನುತ್ತಿರಬೇಕು. ಕಾಯಿಲೆ ಇದೆ ಅಂತಾದರೆ ಗೋಧಿ ಪೂರ್ತಿ ಬಂದ್. ಆಗ ಇಂಗಿನ ಡಬ್ಬಿಯನ್ನೂ ಓದಬೇಕಾಗುತ್ತದೆ, ಎಷ್ಟೋ ಇಂಗಿನ ಪುಡಿಯಲ್ಲಿ ಗೋಧಿಹಿಟ್ಟು ಬೆರೆಸಿರುತ್ತಾರೆ.

ಡಯಟಿಷಿಯನ್ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಓದಿದವರಲ್ಲ. ಪೌಷ್ಟಿಕ ಆಹಾರದ ವಿಷಯದಲ್ಲಿ ಪದವಿ ಇದೆಯಾ ಅಂತ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಮೊದಲ ದಿನವೇ ಪೌಡರ್ ಡಬ್ಬಿ ಮಾರಲು ಬಂದರೆ ಎದ್ದು ಬನ್ನಿ. ಹೋಗುವಾಗ ಹಳೆಯ ರಿಪೋರ್ಟು, ನುಂಗುತ್ತಿರುವ ಮಾತ್ರೆಗಳ ಚೀಟಿ, ಬರೆದಿಟ್ಟ ಊಟದ ಲೆಕ್ಕ ಒಯ್ಯಿರಿ. ಮನೆಯಲ್ಲಿ ಅಡುಗೆ ಮಾಡುವವರು ಬೇರೆಯವರಾದರೆ ಅವರನ್ನೂ ಕರೆದುಕೊಂಡು ಹೋಗಿ.