ಧಾರೆ ಸೀರೆಗೆ ವಿಮಾನಯಾನ: ಕೈಯಲ್ಲೋ, ಸೂಟ್‌ಕೇಸಿನಲ್ಲೋ, ಕೊರಿಯರಿನಲ್ಲೋ?

ಪ್ರಶ್ನೆ: ಮಗಳ ಮದುವೆ ಅಮೆರಿಕದಲ್ಲಿ. ಧಾರೆಗೆ ಕಂಚಿ ರೇಷ್ಮೆ ಸೀರೆ, ಮಗ್ಗಂ ವರ್ಕ್ (ಚೌಕಟ್ಟಿಗೆ ಬಿಗಿದು ಮಾಡುವ ಕೈಕಸೂತಿ) ಮಾಡಿಸಿದ ಬ್ಲೌಸು, ಆರತಕ್ಷತೆಗೆ ಲೆಹೆಂಗಾ ಎಲ್ಲವೂ ಬೆಂಗಳೂರಿನಲ್ಲೇ ಸಿದ್ಧವಾಗಿವೆ. ಕೈಯಲ್ಲೇ ಒಯ್ಯಬೇಕೋ, ಸೂಟ್‌ಕೇಸಿಗೆ ಹಾಕಬಹುದೋ, ಮೊದಲೇ ಕೊರಿಯರ್ ಮಾಡಿಬಿಡುವುದೋ?

ಉತ್ತರ: ಧಾರೆ ಸೀರೆ, ಅದರ ಬ್ಲೌಸು, ಲಂಗ ಈ ಮೂರೂ ಕೈಚೀಲದಲ್ಲಿ. ಲೆಹೆಂಗಾ ಸೂಟ್‌ಕೇಸಿನಲ್ಲಿ. ಕೊರಿಯರ್ ಬೇಡ.

ಇವುಗಳಲ್ಲಿ ಯಾವುದು ತಲುಪದಿದ್ದರೆ ಮದುವೆ ಕೆಡುತ್ತದೆ ಎಂದರೆ ಎಲ್ಲರ ಬಾಯಲ್ಲೂ ಬರುವುದು ಸೀರೆ. ನಿಜಕ್ಕೂ ಅದು ಬ್ಲೌಸು. ಸೀರೆ ಯಾರದ್ದಾದರೂ ಉಡಬಹುದು. ಅಮೆರಿಕದ ಯಾವ ಊರಿನಲ್ಲಿ ಹತ್ತು ಕನ್ನಡದ ಮನೆಗಳಿವೆಯೋ ಅಲ್ಲಿ ಒಂದು ಒಳ್ಳೆಯ ರೇಷ್ಮೆ ಸೀರೆ ಸಂಜೆಯೊಳಗೆ ಸಿಗುತ್ತದೆ. ಅಳತೆಗೆ ಹೊಲಿದ ಬ್ಲೌಸು ಮಾತ್ರ ಒಬ್ಬಳಿಗೇ. ಆದ್ದರಿಂದ ಸೀರೆಯನ್ನು ಜೋಪಾನವಾಗಿ ಕೈಯಲ್ಲಿ ಹಿಡಿದು, 'ಬ್ಲೌಸುಗಳೆಲ್ಲ ಒಂದು ಕಡೆ ಇರಲಿ' ಎಂದು ಸೂಟ್‌ಕೇಸಿಗೆ ತುಂಬಬೇಡಿ. ಸೀರೆಗಳು ಒಂದು ಕಡೆ, ಬ್ಲೌಸುಗಳು ಇನ್ನೊಂದು ಕಡೆ ಎಂದು ಹಂಚುವುದಲ್ಲ. ಒಬ್ಬಳನ್ನು ಪೂರ್ತಿ ಸಿದ್ಧಪಡಿಸಿ ಮಂಟಪಕ್ಕೆ ಕಳಿಸಲು ಏನೇನು ಬೇಕೋ ಅಷ್ಟೂ ಒಂದೇ ಚೀಲದಲ್ಲಿರಬೇಕು.

ಇಷ್ಟಕ್ಕೆ ತೂಕ ಸಾಲುತ್ತದೆಯೇ? ಸಾಲುತ್ತದೆ. ಎಕಾನಮಿಯಲ್ಲಿ ಬಹಳಷ್ಟು ವಿಮಾನ ಸಂಸ್ಥೆಗಳು ಕೈಚೀಲಕ್ಕೆ 7 ಅಥವಾ 8 ಕೆಜಿ ಕೊಡುತ್ತವೆ. ಜರಿ ತುಂಬಿದ ಕಂಚಿ ಸೀರೆ ಸುಮಾರು ಒಂದು ಕೆಜಿ, ಮಗ್ಗಂ ಬ್ಲೌಸು ಅರ್ಧ ಕೆಜಿಯ ಆಸುಪಾಸು, ಲಂಗ ಕಾಲು ಕೆಜಿ. ಖಾಲಿ ಟ್ರಾಲಿಯೇ ಎರಡು, ಎರಡೂವರೆ ಕೆಜಿ ತಿನ್ನುತ್ತದೆ. ಒಡವೆಗೆ, ಬೇಕಿದ್ದರೆ ವರನ ಪಂಚೆ-ಶಲ್ಯಕ್ಕೂ ಜಾಗ ಉಳಿಯುತ್ತದೆ. ಲೆಹೆಂಗಾ ಕೈಯಲ್ಲಿ ಬೇಡ ಎನ್ನುವುದು ಇದಕ್ಕೇ. ಕೆಲಸ ಹೆಚ್ಚಿರುವ ಒಂದು ಲೆಹೆಂಗಾ ಐದಾರು ಕೆಜಿ ತೂಗುತ್ತದೆ.

ಕೊರಿಯರ್ ಯಾಕೆ ಬೇಡ? ಮೊದಲು 800 ಡಾಲರ್ ಒಳಗಿನ ಪಾರ್ಸೆಲ್ಲಿಗೆ ಅಮೆರಿಕದಲ್ಲಿ ಸುಂಕವಿರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ನಿಂತಿದೆ. ಸುಂಕ ಉಳಿಸಲು ಬೆಲೆ ಕಡಿಮೆ ಬರೆದರೆ, ಪಾರ್ಸೆಲ್ ಕಳೆದಾಗ ವಿಮೆ ಕೊಡುವುದೂ ಆ ಕಡಿಮೆ ಬೆಲೆಯನ್ನೇ. ನಿಜ ಬೆಲೆ ಬರೆದರೆ ಸುಂಕ ಬೀಳುತ್ತದೆ, ದಾಖಲೆಯಲ್ಲಿ ಕೊರತೆ ಕಂಡರೆ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ಕೂರುತ್ತದೆ. ಮುಹೂರ್ತ ಕಾಯುವುದಿಲ್ಲ.

ಇನ್ನು ಸೀರೆ ಮಡಿಸುವ ವಿಚಾರ. ಪಾಲಿಷ್, ಫಾಲ್, ಜಿಗ್‌ಜಾಗ್, ಕುಚ್ಚು ಎಲ್ಲವೂ ಹೊರಡುವ ವಾರದ ಮುಂಚೆ ಮುಗಿದಿರಲಿ. ಇಸ್ತ್ರಿಯಾದ ದಿನವೇ ಮಡಿಸಿಡಬೇಡಿ. ಒಳಗೆ ಉಳಿದ ಹಬೆಯ ತೇವ ಆರಲು ಒಂದು ರಾತ್ರಿ ಫ್ಯಾನಿನ ಗಾಳಿಗೆ ಹರಡಿಡಿ. ಸುತ್ತಲು ಬೇಕಾದದ್ದು ಮನೆಯಲ್ಲೇ ಇರುವ ಹಳೆಯ ಬಿಳಿ ಪಂಚೆ. ಗಂಜಿ, ನೀಲಿ ಹಾಕದೆ ಒಗೆದು ಒಣಗಿಸಿದ್ದಾಗಿರಬೇಕು. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರು, ರಟ್ಟಿನ ಪೆಟ್ಟಿಗೆ, ಹಳೆಯ ದಿನಪತ್ರಿಕೆ, ರಬ್ಬರ್ ಬ್ಯಾಂಡ್ ಇವು ನಾಲ್ಕೂ ಜರಿಗೆ ಶತ್ರುಗಳು. ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ತೆಳು ಲೇಪ. ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗುತ್ತದೆ, ರಬ್ಬರಿನಲ್ಲಿ ಗಂಧಕವಿದೆ. ಪ್ಲಾಸ್ಟಿಕ್ಕಿನದು ಬೇರೆ ತೊಂದರೆ: ತಣ್ಣಗಿನ ವಿಮಾನದಿಂದ ಸೆಕೆಯ ಊರಿಗೆ ಇಳಿದಾಗ ಒಳಗಿನ ತೇವ ಆಚೆ ಹೋಗದೆ ಸೀರೆಯ ಮೇಲೇ ಕೂರುತ್ತದೆ.

ಮಂಚದ ಮೇಲೆ ಪಂಚೆ ಹಾಸಿ, ಅದರ ಮೇಲೆ ಸೀರೆಯನ್ನು ಉದ್ದಕ್ಕೆ ಮಡಿಸುತ್ತಾ ಬನ್ನಿ. ಅಂಗಡಿಯಲ್ಲಿ ಬಿದ್ದ ಹಳೆಯ ಗೆರೆಯಲ್ಲೇ ಮತ್ತೆ ಮಡಿಸಬಾರದು. ಎರಡು ಬೆರಳು ಆಚೀಚೆ ಮಾಡಿ. ಒಂದೇ ಗೆರೆಯಲ್ಲಿ ಪದೇಪದೇ ಮಡಿಸಿದರೆ ಜರಿ ಮುರಿದು, ಕೆಲವು ವರ್ಷಗಳಲ್ಲಿ ಸೀರೆ ಆ ಗೆರೆಗುಂಟ ಸೀಳುತ್ತದೆ. ಪ್ರತಿ ಮಡಿಕೆಯ ಬಾಗಿನೊಳಗೆ ಹೆಬ್ಬೆರಳು ದಪ್ಪಕ್ಕೆ ಸುರುಳಿ ಸುತ್ತಿದ ಮೆತ್ತನೆಯ ಬಟ್ಟೆ ಇಟ್ಟರೆ ಗೆರೆ ಹರಿತವಾಗುವುದಿಲ್ಲ. ಸೆರಗಿನ ಕುಚ್ಚನ್ನು ಬಟ್ಟೆಯಲ್ಲಿ ಮುಚ್ಚಿಯೇ ಮಡಿಸಬೇಕು, ಮಣಿ ಹಾಕಿ ಹೆಣೆದ ಕುಚ್ಚಾದರಂತೂ ತಪ್ಪಿಸುವ ಹಾಗೇ ಇಲ್ಲ. ಮಣಿ ಒಡಲಿನ ರೇಷ್ಮೆಗೆ ಸಿಕ್ಕಿಕೊಂಡು ಎಳೆ ಕಿತ್ತು ಬಂದರೆ ಮತ್ತೆ ಒಳಗೆ ಹೋಗುವುದಿಲ್ಲ. ಕೊನೆಗೆ ಪಂಚೆಯ ನಾಲ್ಕೂ ಅಂಚು ಸುತ್ತಿ, ಅದೇ ಬಟ್ಟೆಯ ಲಾಡಿಯಿಂದ ಸಡಿಲವಾಗಿ ಕಟ್ಟಿ.

ಈಗ ಬೆಂಗಳೂರಿನಲ್ಲಿ ನೆರಿಗೆ ಮೊದಲೇ ಹಿಡಿದು ಇಸ್ತ್ರಿ ಮಾಡಿ ಬಾಕ್ಸ್ ಫೋಲ್ಡಿಂಗ್ ಮಾಡಿಕೊಡುವವರು ಗಲ್ಲಿಗೊಬ್ಬರು ಇದ್ದಾರೆ. ಅಲ್ಲಿ ಸೀರೆ ಉಡಿಸುವವರು ಸಿಗುವುದು ಅನುಮಾನವಾದರೆ ಮಾಡಿಸುವುದು ಒಳ್ಳೆಯದೇ, ಎರಡು ಷರತ್ತಿನ ಮೇಲೆ. ಮದುಮಗಳು ಅಂದು ಹಾಕುವ ಚಪ್ಪಲಿ, ಅಂದು ಕಟ್ಟುವ ಲಂಗದ ಮೇಲೇ ಅಳತೆ ಕೊಡಬೇಕು. ಒಂದೂವರೆ ಇಂಚು ಹಿಮ್ಮಡಿ ಬದಲಾದರೂ ನೆರಿಗೆ ನೆಲಕ್ಕೆ ಎಳೆಯುತ್ತದೆ, ಇಲ್ಲವೇ ಪಾದ ಕಾಣಿಸುತ್ತದೆ. ಎರಡನೆಯದು, ನೆರಿಗೆ ನಿಲ್ಲಿಸಲು ಚುಚ್ಚಿದ ಗುಂಡುಪಿನ್ನುಗಳನ್ನು ಬಿಡಿಸಿ ದಾರದಲ್ಲಿ ಸಡಿಲ ಟಾಕಿ ಹಾಕಿಸಿ. ತೇವ ತಾಗಿ ಪಿನ್ನು ತುಕ್ಕು ಹಿಡಿದರೆ ಸೀರೆಯಲ್ಲಿ ಕಂದು ಚುಕ್ಕೆ ಉಳಿಯುತ್ತದೆ.

ಮಗ್ಗಂ ಬ್ಲೌಸನ್ನು ಮಡಿಸಲೇಬೇಡಿ ಎಂದರೆ ಯಾರಿಂದಲೂ ಆಗದ ಮಾತು. ಕೆಲಸವಿರುವ ಜಾಗದಲ್ಲಿ ಮಡಿಸಬೇಡಿ, ಅಷ್ಟೇ. ಜರ್ದೋಸಿ ಎಂದರೆ ಸಣ್ಣ ಸ್ಪ್ರಿಂಗಿನ ಹಾಗೆ ಸುತ್ತಿದ ತಂತಿ. ಒಮ್ಮೆ ಬಾಗಿ ಬಾಯಿ ಬಿಟ್ಟರೆ ಮತ್ತೆ ಕೂಡುವುದಿಲ್ಲ. ಅಂಟಿಸಿದ ಕುಂದನ್ ಕಲ್ಲುಗಳು ಮಡಿಕೆಯಲ್ಲಿ ಎದ್ದುಬರುತ್ತವೆ. ಬ್ಲೌಸನ್ನು ಒಳಮೈ ಹೊರಗೆ ಮಾಡಿ, ಎದೆ-ಬೆನ್ನಿನ ನಡುವೆ ಬಟ್ಟೆ ಹಾಸಿ, ತೋಳಿನೊಳಗೆ ಟಿಶ್ಯೂ ಉಂಡೆ ತುಂಬಿ, ಬೇರೆ ಬಟ್ಟೆ ಚೀಲದಲ್ಲಿ ಸೀರೆಯ ಮೇಲೆ ಮಲಗಿಸಿ. ಮಗ್ಗಂ ಕೆಲಸದವರ ಹತ್ತಿರ ಉಳಿದ ಮಣಿ, ಜರ್ದೋಸಿ, ಅದೇ ಬಣ್ಣದ ದಾರ, ಎರಡು ಹುಕ್ಕು ಕೇಳಿ ಒಂದು ಪುಟ್ಟ ಪೊಟ್ಟಣದಲ್ಲಿ ಜೊತೆಗಿಡಿ. ಪಕ್ಕದ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದಾರೆಯೇ ನೋಡಿ. ಮದುವೆಗೆ ಮುಂಚಿನ ತಿಂಗಳಲ್ಲಿ ಮೈ ಅಳತೆ ಹೆಚ್ಚುಕಮ್ಮಿಯಾಗದ ಮದುಮಗಳು ಅಪರೂಪ. ಇನ್ನೊಂದು ವಿಮೆ: ಸೀರೆಯ ಅಂಚಿಗೆ ಒಪ್ಪುವ ಹಿಗ್ಗುವ ಬಟ್ಟೆಯ ರೆಡಿಮೇಡ್ ಬ್ಲೌಸೊಂದನ್ನು ಬೇರೊಬ್ಬರ ಚೀಲದಲ್ಲಿ ಹಾಕಿ ಕಳಿಸಿ. ಬೇಕಾಗದಿದ್ದರೆ ಒಳ್ಳೆಯದೇ ಆಯಿತು.

ಹೆಚ್ಚಿನವರು ಎಡವುವುದು ವಿಮಾನದ ಬಾಗಿಲಲ್ಲಿ. ಮೇಲಿನ ಅರೆ ತುಂಬಿದೆ, ಟ್ರಾಲಿ ಕೊಡಿ, ಕೆಳಗೆ ಹಾಕುತ್ತೇವೆ ಎನ್ನುತ್ತಾರೆ ಸಿಬ್ಬಂದಿ. ಅಲ್ಲಿ ವಾದಿಸಿ ಪ್ರಯೋಜನವಿಲ್ಲ. ಸೀರೆ ಗಂಟು, ಬ್ಲೌಸಿನ ಚೀಲ, ಒಡವೆ ಇವು ಟ್ರಾಲಿಯೊಳಗೆ ಹೆಗಲಿಗೆ ಹಾಕುವ ಒಂದು ಬಟ್ಟೆ ಚೀಲದಲ್ಲಿರಲಿ, ಜಿಪ್ ತೆಗೆದ ಕೂಡಲೇ ಕೈಗೆ ಸಿಗುವ ಹಾಗೆ. ಅದನ್ನು ಎತ್ತಿಕೊಂಡು ಟ್ರಾಲಿ ಕೊಟ್ಟುಬಿಡಿ, ಮುಂದಿನ ಸೀಟಿನ ಕೆಳಗೆ ಚೀಲ ಹಿಡಿಸುತ್ತದೆ. ಭದ್ರತಾ ತಪಾಸಣೆಯಲ್ಲಿ ಜರಿ, ಜರ್ದೋಸಿ ಲೋಹವಾಗಿ ಕಾಣುವುದರಿಂದ ಬಿಚ್ಚಿ ತೋರಿಸಿ ಎನ್ನಬಹುದು. ಟ್ರೇಯ ಮೇಲೆ ಪಂಚೆ ಸಮೇತ ಬಿಚ್ಚಿ, ನೀವೇ ಮಡಿಕೆ ಎತ್ತಿ ತೋರಿಸಿ.

ಲೆಹೆಂಗಾವನ್ನು ಒಳಮೈ ಹೊರಗೆ ಮಾಡಿ, ಕಳಿಗಳ (ಸೇರಿಸಿ ಹೊಲಿದ ಉದ್ದನೆಯ ತುಂಡುಗಳ) ಗುಂಟ ಮಡಿಸಿ, ಸೊಂಟದಿಂದ ಕೆಳಗೆ ಸುರುಳಿ ಸುತ್ತಿ, ಗಟ್ಟಿ ಸೂಟ್‌ಕೇಸಿನ ನಡುವೆ ಇಡಿ. ಸುತ್ತ ಟವೆಲ್, ಹತ್ತಿ ಬಟ್ಟೆ. ಗಾಳಿ ಹೀರುವ ವ್ಯಾಕ್ಯೂಮ್ ಚೀಲ ಬೇಡವೇ ಬೇಡ, ಒತ್ತಡಕ್ಕೆ ಮಣಿಗಳು ನೆಟ್ ಬಟ್ಟೆಯನ್ನೇ ಕೊಯ್ಯುತ್ತವೆ. ಲೆಹೆಂಗಾ ಉಬ್ಬಿ ನಿಲ್ಲಲು ಒಳಗೆ ಹಾಕುವ ಗಟ್ಟಿ ನೆಟ್ಟಿನ ಕ್ಯಾನ್‌ಕ್ಯಾನ್ ಬಿಚ್ಚಲು ಬಂದರೆ ಅದನ್ನು ಮಾತ್ರ ಎಷ್ಟು ಬೇಕಾದರೂ ಅದುಮಬಹುದು. ಸೂಟ್‌ಕೇಸಿನೊಳಗೆ, ಬಟ್ಟೆಯ ಮೇಲೆ, ಹೆಸರು ಮತ್ತು ಅಮೆರಿಕದ ವಿಳಾಸ-ಫೋನ್ ಬರೆದ ಹಾಳೆ ಇರಲಿ. ಹೊರಗಿನ ಚೀಟಿ ಹರಿದರೆ ಅದೇ ಗತಿ. ಮುಚ್ಚುವ ಮುಂಚೆ ಒಂದು ಫೋಟೊ.

ಅದೇ ಸೂಟ್‌ಕೇಸಿಗೆ ಮದುವೆ ಸಾಮಾನು ತುರುಕಬೇಡಿ. ಕೊಬ್ಬರಿ ಬಟ್ಟಲು, ಕರ್ಪೂರ ಎರಡೂ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿವೆ. ಅಕ್ಷತೆಗೆಂದು ಒಯ್ಯುವ ಅಕ್ಕಿಯನ್ನು ಖಾಪ್ರಾ ಎಂಬ ಕಾಳುಹುಳದ ಭಯಕ್ಕೆ ಅಮೆರಿಕ ಒಳಗೆ ಬಿಡುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಚೀಲ ತೆರೆಯುತ್ತಾರೆ, ಲೆಹೆಂಗಾ ಮತ್ತೆ ಯಾವ ರೀತಿಯಲ್ಲಿ ಒಳಗೆ ಹೋಗುತ್ತದೆಂದು ಹೇಳಲಾಗದು. ಅಕ್ಕಿ ಅಲ್ಲೇ ಕೊಳ್ಳಿ. ಕುಂಕುಮದ ಪೊಟ್ಟಣವಂತೂ ರೇಷ್ಮೆಯಿದ್ದ ಚೀಲದ ಹತ್ತಿರವೂ ಬರಬಾರದು.

ಅಮೆರಿಕದಲ್ಲಿ ಇಳಿದ ಮೊದಲ ವಿಮಾನ ನಿಲ್ದಾಣದಲ್ಲೇ ಸಾಮಾನ್ಯವಾಗಿ ಸೂಟ್‌ಕೇಸನ್ನು ಪಟ್ಟೆಯಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮುಂದಿನ ವಿಮಾನಕ್ಕೆ ಮತ್ತೆ ಕೊಡಬೇಕು. ಬೆಂಗಳೂರಿನಲ್ಲಿ ಕೊನೆಯ ಊರಿನವರೆಗೆ ಟ್ಯಾಗ್ ಹಾಕಿದ್ದಾರಲ್ಲ ಎಂದು ಬಿಟ್ಟು ಹೋದರೆ ಚೀಲ ಅಲ್ಲೇ. ಅಲ್ಲಿಂದ ಮುಂದಿನ ವಿಮಾನಕ್ಕೆ ಮೂರು ಗಂಟೆ ಅಂತರವಿರಲಿ, ಮುಹೂರ್ತಕ್ಕೆ ಕನಿಷ್ಠ ಮೂರು ದಿನ ಮುಂಚೆ ತಲುಪಿ. ಚೀಲ ಬರಲಿಲ್ಲವೇ? ನಿಲ್ದಾಣ ಬಿಡುವ ಮುಂಚೆಯೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಪಿಐಆರ್ ಎಂಬ ದೂರುಪತ್ರ ಬರೆಸಿ, ನಂಬರು ಪಡೆಯಿರಿ. ಹಾಳಾಗಿ ಬಂದರೆ 7 ದಿನದೊಳಗೆ ಲಿಖಿತ ದೂರು. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋದಂತೆ. ವಿಮಾನಯಾನದ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಬ್ಬ ಪ್ರಯಾಣಿಕರಿಗೆ ಗರಿಷ್ಠ ಪರಿಹಾರ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ), ಸುಮಾರು 2,000 ಡಾಲರ್. ಅದಕ್ಕಿಂತ ಹೆಚ್ಚಿನ ಬೆಲೆಯ ಬಟ್ಟೆಯಿದ್ದರೆ ಚೀಲ ಕೊಡುವಾಗಲೇ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟಬಹುದು. ಬಿಲ್ಲುಗಳ ಫೋಟೊ ಫೋನಿನಲ್ಲಿರಲಿ.

ತಲುಪಿದ ದಿನವೇ ಗಂಟು ಬಿಚ್ಚಿ ಗಾಳಿಗೆ ಹರಡಿ. ಇಲ್ಲಿಂದ ಇಸ್ತ್ರಿಪೆಟ್ಟಿಗೆ ಹೊತ್ತುಕೊಂಡು ಹೋಗಬೇಡಿ. 230 ವೋಲ್ಟಿನ ಪೆಟ್ಟಿಗೆ ಅಲ್ಲಿನ 120 ವೋಲ್ಟಿನಲ್ಲಿ ಬೆಚ್ಚಗಾದರೆ ಹೆಚ್ಚು. ಹೋಟೆಲಿನದನ್ನು ಬಳಸುವುದಾದರೆ ಮೊದಲು ಹಳೆಯ ಟವೆಲ್ಲಿನ ಮೇಲೆ ಉಜ್ಜಿ ನೋಡಿ, ಕೆಲವು ತುಕ್ಕು ನೀರು ಉಗುಳುತ್ತವೆ. ಹಬೆ ನಿಲ್ಲಿಸಿ, ಒಳಮೈ ಮೇಲಿಟ್ಟು, ಜರಿಯ ಮೇಲೆ ಪಂಚೆ ಹಾಸಿ, ಕಡಿಮೆ ಬಿಸಿಯಲ್ಲಿ.

ವಾಪಸ್ ಬರುವಾಗ ಇಷ್ಟೆಲ್ಲ ಜೋಪಾನ ಯಾರಿಗೂ ನೆನಪಿರುವುದಿಲ್ಲ. ಸೀರೆಗಳು ಹಾಳಾಗುವುದು ಹೆಚ್ಚಾಗಿ ಆ ಪ್ರಯಾಣದಲ್ಲೇ. ಬೆವರು ಆರುವ ಮುಂಚೆ ಮಡಿಸಬೇಡಿ. ಜೀರಿಗೆ ಬೆಲ್ಲ ಸಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು ಆರಿಸಿ, ಇಲ್ಲವಾದರೆ ಊರು ಸೇರುವಷ್ಟರಲ್ಲಿ ಇರುವೆ ಕಾಣುತ್ತವೆ. ಅರಿಶಿನ ತಾಗಿದ ಕಡೆ ಮಾತ್ರ ಸೋಪು ಮುಟ್ಟಿಸಬೇಡಿ. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ಹಾಗೇ ಬಿಟ್ಟು ಇಲ್ಲಿಗೆ ತಂದು ಡ್ರೈಕ್ಲೀನ್‌ಗೆ ಕೊಡಿ, ಕಲೆ ಯಾವುದರದ್ದೆಂದು ಅವರಿಗೆ ಬಾಯಿಬಿಟ್ಟು ಹೇಳಿ.